ಅತ್ತೆ ಕೂತ ಕಡೆ ನೀರು

ಊರಿನವರ ಬಾಯಲ್ಲಿ ಅವನು ವಾಷರ್. ನಲ್ಲಿ ರಿಪೇರಿಯವನು. ಅಡುಗೆಮನೆಯ ನಲ್ಲಿ ತೊಟ್ಟಿಕ್ಕಲಿ, ಬಚ್ಚಲಿನ ಪೈಪು ಒಡೆದು ಮನೆಯೆಲ್ಲ ಹೊಳೆಯಾಗಲಿ, ಸಿಂಕಿನ ಕೆಳಗೆ ತಲೆ ತೂರಿಸಿ ಅಲ್ಲಿಂದಲೇ, "ಏನಿಲ್ಲ, ಒಂದು ವಾಷರ್ ಹಾಕಿದ್ರೆ ಸರಿಹೋಗುತ್ತೆ" ಎನ್ನುತ್ತಿದ್ದ. ಪೈಪನ್ನೇ ಕಿತ್ತು ಬದಲಾಯಿಸಬೇಕಾದ ಕಡೆಯೂ ಮೊದಲು ಹೇಳುತ್ತಿದ್ದುದು ಅದನ್ನೇ. ಮನೆಯವರ ಎದೆ ಧಸಕ್ಕೆನ್ನಬಾರದಲ್ಲ! ಕೆಟ್ಟ ಸುದ್ದಿಯನ್ನು ಮುಖಕ್ಕೆ ಮುಖ ಕೊಟ್ಟು ಹೇಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಕ್ಷೌರದವನು ಅರ್ಧ ತಲೆ ಕೆಡಿಸಿಟ್ಟರೂ ಕನ್ನಡಿ ನೋಡಿ "ಚೆನ್ನಾಗಿದೆ" ಎಂದು ಎದ್ದು ಬರುವ ಆಸಾಮಿ.

ಇಂಥವನಿಗೆ ಹಾಯಿದೋಣಿಯ ಹುಚ್ಚು ಅದು ಹೇಗೆ ಹತ್ತಿತೋ. ಊರಾಚೆಯ ಸರೋವರದ ದಂಡೆಯಲ್ಲಿ ಯಾರೋ ಕೈಬಿಟ್ಟಿದ್ದ ಪುಟ್ಟ ದೋಣಿಯನ್ನು ಕೊಂಡು, ಬಿರುಕು ಮುಚ್ಚಿ, ಬಣ್ಣ ಬಳಿದು, ಭಾನುವಾರಗಳನ್ನೆಲ್ಲ ಅದಕ್ಕೇ ಧಾರೆಯೆರೆದ. ಹೆಂಡತಿ ಒಮ್ಮೆ ಹತ್ತಿ, ಹೊಟ್ಟೆ ತೊಳಸಿ, ಈ ಜನ್ಮಕ್ಕೆ ಇಷ್ಟು ಸಾಕು ಎಂದು ದೋಣಿಗೂ ಅವನಿಗೂ ಒಟ್ಟಿಗೇ ಕೈಮುಗಿದಿದ್ದಳು.

ಅವನ ಅತ್ತೆ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿದ್ದವರು. ಗಟ್ಟಿಮುಟ್ಟು ಆಳು. ವಾರ್ಡಿಗೆ ಕಾಲಿಟ್ಟರೆ ಡಾಕ್ಟರುಗಳೇ ಗೋಡೆಗೆ ಸರಿದು ದಾರಿ ಬಿಡುತ್ತಿದ್ದರಂತೆ. ಮಾವ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದು ಕಿಟಕಿ ಪಕ್ಕದ ಕುರ್ಚಿ ಹಿಡಿದರು. ಟಿವಿ ಬೇಡ, ಪೇಟೆ ಬೇಡ, ನೆಂಟರಿಷ್ಟರು ಬೇಡ. ಏನು ಕೇಳಿದರೂ "ನಂಗ್ಯಾಕೆ ಬಿಡಿ" ಎನ್ನುವುದು ಒಂದೇ ಮಾತು. ಅಳಲೂ ಇಲ್ಲ. ಅವರು ಹೀಗೇ ಕುರ್ಚಿಯಲ್ಲೇ ಮುಗಿದುಹೋಗುತ್ತಾರೇನೋ ಎಂಬ ಹೆದರಿಕೆ ಗಂಡಹೆಂಡತಿ ಇಬ್ಬರಿಗೂ ಇತ್ತು.

ಒಂದು ಭಾನುವಾರ ಬೆಳಿಗ್ಗೆ ಹೊರಡುವಾಗ ಅವನು ಬಾಯಿಮಾತಿಗೆ ಕರೆದ. "ಅತ್ತೆ, ದೋಣೀಲಿ ಒಂದು ಸುತ್ತು ಹೋಗ್ಬರೋಣ್ವಾ?"

"ಆಗ್ಲಿ, ನಡೀರಿ" ಎಂದು ಅತ್ತೆ ಎದ್ದೇಬಿಟ್ಟರು.

ಹೆಂಡತಿ ಬಾಗಿಲ ತನಕ ಬಂದು ಕಿವಿಯಲ್ಲಿ ಹೇಳಿದಳು: "ರೀ, ಅಮ್ಮ ನೆನೆದುಕೊಂಡು ಬಂದು ನೆಗಡಿ ಕೆಮ್ಮು ಅಂತ ಮಲಗಿದ್ರೆ ಮುಗೀತು. ಮತ್ತೆ ಕಳ್ಸೋದಿಲ್ಲ."

ಆ ದೋಣಿಯ ಹಿಂಭಾಗದಲ್ಲಿ ಕೂರುವುದಕ್ಕೆಂದು ತೊಟ್ಟಿಯಂಥ ಒಂದು ತಗ್ಗು. ಅಲೆ ಹಾರಿ ನೀರು ಒಳಗೆ ಬಿದ್ದರೆ ಹರಿದುಹೋಗಲೆಂದು ತೊಟ್ಟಿಯ ಹಿಂತುದಿಯಲ್ಲಿ ಎರಡು ತೂತು. ಅವನು ಚುಕ್ಕಾಣಿ ಹಿಡಿದು ಹಿಂದೆ ಕೂತ. ಅತ್ತೆ ಲೈಫ್ ಜಾಕೆಟ್ ಬಿಗಿದುಕೊಂಡು ಅವನ ಪಕ್ಕದಲ್ಲೇ ಬಂದು ಕೂತರು. ದೋಣಿಯ ಹಿಂಭಾಗ ತಗ್ಗಿತು, ನೀರು ಹೊರಗೆ ಹೋಗಬೇಕಾದ ಆ ತೂತುಗಳಿಂದಲೇ ಸರೋವರದ ನೀರು ಬುಳುಬುಳು ಎಂದು ಒಳಗೆ ಬಂದು ಅತ್ತೆಯ ಕಾಲುಚೀಲ ತೋಯಿಸಿತು.

ಕಾರಣ ಅವನಿಗೆ ಕಂಡ ತಕ್ಷಣ ಗೊತ್ತಾಯಿತು. ಅತ್ತೆ ಎದ್ದು ಮುಂದೆ ಕೂತರೆ ಆಯಿತು, ಅಷ್ಟೇ. ಆದರೆ ಅಳಿಯನಾದವನು ಅತ್ತೆಗೆ ನಿಮ್ಮ ಭಾರಕ್ಕೆ ದೋಣಿ ಮುಳುಗುತ್ತಿದೆ ಎಂದು ಹೇಳುವುದುಂಟೆ?

"ಹಳೇ ದೋಣಿ ಅತ್ತೆ, ತೂತಲ್ಲೇ ಏನೋ ಐಬು. ಮುಂದಿನ ವಾರ ಸರಿ ಮಾಡ್ತೀನಿ."

"ಹೌದಾ" ಎಂದರು ಅತ್ತೆ, ಕಾಲುಚೀಲ ಹಿಂಡುತ್ತ.

ಮನೆಯಲ್ಲಿ ಮಗಳು ಒದ್ದೆ ಕಾಲುಚೀಲ ಕಂಡು ಗಂಡನನ್ನು ತರಾಟೆಗೆ ತೆಗೆದುಕೊಂಡಳು. ಆದರೆ ಊಟಕ್ಕೆ ಕೂತಾಗ ಅತ್ತೆ, "ಬರೋ ಭಾನುವಾರಾನೂ ಗಾಳಿ ಇರುತ್ತಾ?" ಎಂದು ಕೇಳಿದರು. ಮಾವ ಹೋದ ಮೇಲೆ ಅವರಾಗಿ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು. ಹೆಂಡತಿ ಬೈಗುಳ ಮರೆತು ಅಮ್ಮನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಇನ್ನೊಂದು ಸಲ ನೀರು ಬರಕೂಡದು ಎಂದು ಅವನು ಮನಸ್ಸಿನಲ್ಲೇ ಆಣೆಯಿಟ್ಟುಕೊಂಡ.

ನಲ್ಲಿಯವನ ಬುದ್ಧಿ ನಲ್ಲಿಯವನದೇ. ನೀರು ಬರುವ ತೂತು ಕಂಡರೆ ಮುಚ್ಚು. ರಬ್ಬರಿನ ಎರಡು ಬಿರಡೆ ಕೊರೆದು, ತೂತುಗಳಿಗೆ ಜಡಿದು, ಸುತ್ತಿಗೆಯಿಂದ ಎರಡೇಟು ಹಾಕಿದ. ಮುಂದಿನ ಭಾನುವಾರ ತೊಟ್ಟಿ ಒಣಗಿಯೇ ಇತ್ತು. ಅತ್ತೆ ಅವನ ಪಕ್ಕ ಆರಾಮಾಗಿ ಕೂತು, ಸೂಜಿ ಕಂಡು ಮಂಚದ ಕೆಳಗೆ ಅಡಗಿದ ಪೈಲ್ವಾನನ ಕಥೆ ಹೇಳಿ ನಕ್ಕರು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ನಡುನೀರಿಗೆ ಬಂದಾಗ ಗಾಳಿ ಜೋರಾಯಿತು. ಒಂದು ಅಲೆ ಅಂಚು ದಾಟಿ ಬಕೆಟ್ಟು ಬಕೆಟ್ಟು ನೀರನ್ನು ತೊಟ್ಟಿಗೆ ಸುರಿಯಿತು. ಹೋಗಲು ದಾರಿಯಿಲ್ಲ. ಆ ನೀರಿನ ಭಾರಕ್ಕೆ ಹಿಂಭಾಗ ಇನ್ನಷ್ಟು ಕುಸಿಯಿತು, ಮುಂದಿನ ಅಲೆಗೆ ಒಳಗೆ ಬರುವುದು ಸಲೀಸಾಯಿತು. ಈಗ ಬಿರಡೆ ಕಿತ್ತರೆ ಕೆಳಗಿನಿಂದಲೂ ಬರುತ್ತದೆ.

"ಏನಿಲ್ಲ ಅತ್ತೆ, ಏನಿಲ್ಲ."

"ಮೊಣಕಾಲಿಗೆ ಬಂದಿದೆ ನೀರು, ಏನಿಲ್ಲ ಅಂತೀರಲ್ಲ!" ಹೆಡ್ ನರ್ಸ್ ಎದ್ದರು. "ಆ ಬಟ್ಟೆ ಇಳಿಸಿ ಮೊದ್ಲು. ಬಕೆಟ್ ಎಲ್ಲಿ?"

ಅವನು ಹಾಯಿ ಇಳಿಸಿದ. ಅತ್ತೆ ಮೊಗೆದು ಮೊಗೆದು ಚೆಲ್ಲಿದರು. ಗಾಳಿ ದೋಣಿಯನ್ನು ಜೊಂಡಿನ ಮರೆಗೆ ತಳ್ಳಿಕೊಂಡು ಹೋಯಿತು. ಅಲ್ಲಿ ಅಲೆ ಕಡಿಮೆ. ತೊಟ್ಟಿಯ ನೀರು ಹಿಮ್ಮಡಿಗೆ ಇಳಿದ ಮೇಲೆ ಅತ್ತೆ ಉಸಿರು ಬಿಟ್ಟು ಕೇಳಿದರು: "ಈಗ ನಿಜ ಹೇಳಿ. ಯಾಕೆ ಹೀಗಾಗುತ್ತೆ?"

"ಭಾರ ಅತ್ತೆ. ಇಬ್ರೂ ಹಿಂದೆ ಕೂತ್ರೆ ತಡೆಯಲ್ಲ. ನೀವು ಮುಂದೆ ಕೂರ್ಬೇಕಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ."

ಅತ್ತೆ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನಂಗೆ ಈಜು ಬರಲ್ಲ. ನಿಮ್ ಪಕ್ಕ ಇದ್ರೆ ಧೈರ್ಯ ಅಂತ ಹಿಂದೆ ಕೂತೆ" ಎಂದರು. ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡರು. "ನಿಮ್ ಮಾವ ಹೋಗೋ ಹಿಂದಿನ ದಿನಾನೂ ನೀವು ನಂಗೆ ಏನಿಲ್ಲ ಅತ್ತೆ, ಸರಿಹೋಗ್ತಾರೆ ಅಂದ್ರಿ. ಎಲ್ರೂ ಅದನ್ನೇ ಅಂದ್ರು. ನಾನು ಎಷ್ಟು ಜನರನ್ನ ನೋಡಿದೀನಿ, ನಂಗೆ ಗೊತ್ತಾಗಲ್ವಾ? ಸಮಾಧಾನ ಬೇಕಿರ್ಲಿಲ್ಲ. ಹೌದು ಅಂತ ಒಬ್ರಾದ್ರೂ ಅನ್ಬೇಕಿತ್ತು. ಒಬ್ಬಳೇ ಆಗ್ಬಿಟ್ಟೆ."

ಅವನಿಗೆ ನಾಚಿಕೆಯಾಯಿತು. ಒಳ್ಳೆಯವನೆನ್ನಿಸಿಕೊಳ್ಳಲು ಆಡಿದ ಮಾತು ಇನ್ನೊಬ್ಬರನ್ನು ಕೋಣೆಯಲ್ಲಿಟ್ಟು ಹೊರಗಿನಿಂದ ಚಿಲಕ ಹಾಕಬಲ್ಲದು ಎಂದು ಅವನು ಎಂದೂ ಯೋಚಿಸಿದವನಲ್ಲ. ಎದ್ದು ನಿಂತ.

"ನೀವು ಮುಂದೆ ಹೋಗೋದು ಬೇಡ. ನಾನೇ ಹೋಗ್ತೀನಿ. ಚುಕ್ಕಾಣಿ ನೀವು ಹಿಡೀರಿ."

"ಅಯ್ಯೋ, ನಂಗೆ ಭಯ!"

"ನಂಗೂ ಭಯವೇ ಅತ್ತೆ. ಹಿಡೀರಿ."

ಅವನು ಹಾಯಿ ಏರಿಸಿ, ಅದರ ಹಗ್ಗ ಹಿಡಿದು ದೋಣಿಯ ಮೂತಿಯ ಹತ್ತಿರ ಕೂತ. ದೋಣಿ ಸಮನಾಯಿತು. ಅವನು ಹೇಳಿದಂತೆ ಅತ್ತೆ ಕಾಲಡಿಯ ಬಿರಡೆಗಳನ್ನು ಕಿತ್ತರು. ಉಳಿದಿದ್ದ ನೀರು ಮೆಲ್ಲಗೆ ಹಿಂದಕ್ಕೆ ಸರಿದು ಹೊರಗೆ ಹರಿಯತೊಡಗಿತು. ದೋಣಿ ಸೊಟ್ಟಸೊಟ್ಟಗೆ ದಡದತ್ತ ತಿರುಗಿತು.

ಸ್ವಲ್ಪ ಹೊತ್ತಿಗೆ ಅವನ ಬೆನ್ನ ಹಿಂದಿನಿಂದ ದನಿ ಬಂತು. "ಅವರು ಉಳಿಯಲ್ಲ ಅಂತ ನಿಮ್ಗೂ ಗೊತ್ತಿತ್ತಾ?"

ಅವನು ತಿರುಗಿ ಅವರ ಮುಖ ನೋಡಿದ.

"ಗೊತ್ತಿತ್ತು ಅತ್ತೆ."

ಅತ್ತೆ ಅಳತೊಡಗಿದರು. ಸರೋವರಕ್ಕೆಲ್ಲ ಕೇಳಿಸುವ ಹಾಗೆ, ಚುಕ್ಕಾಣಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಅತ್ತರು. ಅಳಬೇಡಿ ಎಂದು ಅವನು ಹೇಳಲಿಲ್ಲ. ಅವನ ಕಣ್ಣೂ ತುಂಬಿತ್ತು.

"ಸ್ವಲ್ಪ ಎಡಕ್ಕೆ, ಅತ್ತೆ" ಎಂದ. "ಹಾಂ, ಹಾಗೇ."