ಎರಡು ಪಟ್ಟಿಗಳ ನಡುವೆ

ಟಿಲ್ಟನ್ ಕೋವ್‌ನ ಎಪಿಸ್ಕೋಪಲ್ ಚರ್ಚಿಗೆ ಪಾದ್ರಿಗಳು ಬಂದರು, ಹೋದರು. ಆರ್ವಿಲಾ ಬೀಲ್ ಮಾತ್ರ ಹತ್ತೊಂಬತ್ತು ವರ್ಷದಿಂದ ತನ್ನ ಜಾಗ ಬಿಟ್ಟು ಕದಲಲಿಲ್ಲ. ಊರ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದ ಹೆಂಗಸು. ಪ್ರತಿ ಭಾನುವಾರದ ಆರಾಧನೆಯಲ್ಲಿ ಜನರ ಪ್ರಾರ್ಥನೆ ಓದುವುದು ಅವಳ ಸೇವೆ. ಮೊದಲು ಕಾಯಿಲೆಯವರ ಹೆಸರು, ಆಮೇಲೆ ತೀರಿಕೊಂಡವರ ಹೆಸರು. ಅವಳು ಓದಿದರೆ ಸರಿಯಾದ ವಿಳಾಸಕ್ಕೆ ಮುಟ್ಟುತ್ತದೆ ಎಂದು ಊರಿಗೆಲ್ಲ ನಂಬಿಕೆ. ಆರಾಧನೆ ಮುಗಿದ ಮೇಲೆ ಪ್ರಭು ಭೋಜನದ ರೊಟ್ಟಿಯನ್ನು ಪುಟ್ಟ ಬೆಳ್ಳಿ ಡಬ್ಬಿಯಲ್ಲಿಟ್ಟುಕೊಂಡು, ಚರ್ಚಿಗೆ ಬರಲಾಗದವರ ಮನೆಮನೆಗೆ ಕೊಂಡೊಯ್ಯುವವಳೂ ಅವಳೇ.

ಒಂದು ಮನೆಗೆ ಮಾತ್ರ ಅವಳು ಕಾಲಿಡುತ್ತಿರಲಿಲ್ಲ. ಅದು ದೋಣಿಕಟ್ಟೆಯ ಕೊನೆಯಲ್ಲಿದ್ದ ಅಣ್ಣ ಮರ್ಟನ್‌ನ ಮನೆ.

ಅವರಮ್ಮನನ್ನು ಮಣ್ಣು ಮಾಡಿದ ದಿನ ಈ ಮಹಾರಾಯ ದೋಣಿ ಹತ್ತಿ ಲಾಬ್‌ಸ್ಟರ್ ಸಿಗಡಿ ಹಿಡಿಯುವ ಬೋನು ಎತ್ತಲು ಸಮುದ್ರಕ್ಕೆ ಹೋಗಿದ್ದ. ಆರ್ವಿಲಾ ಸುಮ್ಮನಿರಬಹುದಿತ್ತು. ಕಾಫಿ ಲೋಟ ಹಿಡಿದು ನಿಂತಿದ್ದ ಊರ ಜನರೆದುರಿಗೇ, "ಇವತ್ತಿಂದ ನನ್ನ ಪಾಲಿಗೆ ನನ್ನಣ್ಣ ಸತ್ತ" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುವಾರವೇ ಅಂದಿನ ಪಾದ್ರಿ, ಅವಳ ಸಿಟ್ಟು ಇಳಿಯಲಿ ಎಂದೋ ಏನೋ, ಪ್ರಾರ್ಥನೆಯ ಪಟ್ಟಿಯನ್ನು ಅವಳ ಕೈಗೆ ಕೊಟ್ಟರು. ಸಿಟ್ಟೇನೂ ಇಳಿಯಲಿಲ್ಲ.

ಈ ಅಕ್ಟೋಬರಿನಲ್ಲಿ ಮರ್ಟನ್‌ನ ಹೊಟ್ಟೆಯಲ್ಲಿ ಕ್ಯಾನ್ಸರ್ ಎಂದು ತಿಳಿಯಿತು. ಚರ್ಚಿನ ಕಚೇರಿ ನೋಡಿಕೊಳ್ಳುತ್ತಿದ್ದ ಡಾರ್ಕಸ್‌ಗೆ ಸುದ್ದಿ ಮುಟ್ಟುವಷ್ಟರಲ್ಲಿ ಆ ವಾರದ ಪಟ್ಟಿಯ ಟೈಪು ಮುಗಿದಿತ್ತು. ಕಾಯಿಲೆಯವರ ಪಟ್ಟಿ ಮುಗಿದು ತೀರಿಕೊಂಡವರದು ಶುರುವಾಗುವ ಸಂದಿನಲ್ಲಿ ಅವಳು ಅವನ ಹೆಸರನ್ನು ಪೆನ್ಸಿಲಿನಲ್ಲಿ ತುರುಕಿದಳು.

ಭಾನುವಾರ ಆರ್ವಿಲಾ ಕಾಯಿಲೆಯವರನ್ನೆಲ್ಲ ಓದಿ ಮುಗಿಸಿದಳು. "ತೀರಿಕೊಂಡ ನಮ್ಮವರಿಗಾಗಿ" ಎಂದಳು. ಬಾಯಿಂದ ಬಿದ್ದ ಮೊದಲ ಹೆಸರೇ ಮರ್ಟನ್ ಬೀಲ್.

"ನಿತ್ಯ ಬೆಳಕು ಅವರ ಮೇಲೆ ಬೆಳಗಲಿ" ಎಂದು ಜನ ರೂಢಿಯಂತೆ ಹೇಳಿಯೂಬಿಟ್ಟರು. ಆಮೇಲೆ ಎಲ್ಲರಿಗೂ ಎಚ್ಚರವಾಯಿತು.

"ಅಯ್ಯೋ, ನಿನ್ನೆ ತಾನೇ ಅವನಿಗೆ ಮೀನಿನ ಸಾರು ಕೊಟ್ಟು ಬಂದೆನಲ್ರೀ!" ಎಂದು ಹಿಂದಿನ ಬೆಂಚಿನಲ್ಲಿ ಒಬ್ಬಳು ಪಿಸುಗುಟ್ಟಿದಳು.

"ಹಾಗಾದ್ರೆ ನಿನ್ನ ಸಾರಿನದೇ ಕೆಲಸ" ಎಂದ ಅವಳ ಗಂಡ.

ನಗು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆರಾಧನೆ ಮುಗಿದ ಮೇಲಿನ ಕಾಫಿಯ ಹೊತ್ತಿಗೆ ಮಾತಿನ ಬಣ್ಣವೇ ಬೇರೆಯಾಗಿತ್ತು. "ಅಂತೂ ಆವತ್ತು ಆಡಿದ್ದನ್ನ ನಡೆಸೇಬಿಟ್ಲಪ್ಪ" ಎಂದು ಯಾರೋ ಅವಳಿಗೆ ಕೇಳುವಂತೆಯೇ ಅಂದರು. ಆರ್ವಿಲಾ ನೇರವಾಗಿ, ಈಗ ಆ ಚರ್ಚಿನ ಪಾದ್ರಿಯೇ ಆಗಿದ್ದ ಪಾದ್ರಿಯಮ್ಮ ಲೋಯಿಸ್ ಬಳಿ ಹೋದಳು.

"ಈ ಪಟ್ಟಿ ಇನ್ಯಾರಿಗಾದ್ರೂ ಕೊಡಿ ಪಾದ್ರಿಯಮ್ಮ. ನಾನು ಇದಕ್ಕೆ ತಕ್ಕವಳಲ್ಲ."

"ಅದನ್ನ ಆಮೇಲೆ ನೋಡೋಣ. ಮರ್ಟನ್ ಮನೆಗೆ ಹೋಗ್ಬೇಕಿದ್ದವಳು ಡಾರ್ಕಸ್, ಅವಳಿಗೆ ಮಂಡಿ ನೋವು. ಇವತ್ತು ಅವನಿಗೆ ರೊಟ್ಟಿ ಯಾರು ತಗೊಂಡು ಹೋಗ್ತಾರೆ?" ಎನ್ನುತ್ತಾ ಪಾದ್ರಿಯಮ್ಮ ಡಬ್ಬಿಯನ್ನು ಅವಳ ಅಂಗೈಯಲ್ಲಿಟ್ಟರು.

ಸುದ್ದಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಸೌದೆ ಒಲೆಯ ಪಕ್ಕ ಕಂಬಳಿ ಹೊದ್ದು ಕುಳಿತಿದ್ದ ಮರ್ಟನ್ ಮುಖ ತಿರುಗಿಸಲೂ ಇಲ್ಲ.

"ಬಾ ಬಾ. ಸತ್ತವನ ಮನೆಗೆ ಬರೋಳು ಬಾಗಿಲು ಬೇರೆ ಬಡೀತಾಳೆ!"

"ಕಣ್ಣು ತಪ್ಪಿತು ಮರ್ಟ್. ಡಾರ್ಕಸ್ ಪೆನ್ಸಿಲಲ್ಲಿ ಮಧ್ಯ ತುರುಕಿದ್ಲು, ಕಾಗೆ ಕಾಲು ಗುಬ್ಬಿ ಕಾಲು…"

"ಪಾಪ, ಅವಳ ಮೇಲೆ ಹಾಕ್ಬೇಡ. ಮೂವತ್ತು ವರ್ಷ ಅಂಚೇಲಿ ಎಂತೆಂಥ ಅಕ್ಷರ ಓದಿದವಳು ನೀನು. ನಿಜ ಹೇಳು, ಬೇಕೂಂತ ಓದಿದ್ಯಾ?"

ಮಡಿಲಲ್ಲಿ ಆ ಡಬ್ಬಿ ಇತ್ತು. ಅದನ್ನಿಟ್ಟುಕೊಂಡು ಸುಳ್ಳು ಹೇಳಲು ಅವಳಿಗೆ ನಾಲಿಗೆ ಏಳಲಿಲ್ಲ.

"ಗೊತ್ತಿಲ್ಲ ಕಣೋ. ಸತ್ತವರ ಪಟ್ಟಿ ಓದೋವಾಗೆಲ್ಲ ಮನಸ್ಸಲ್ಲಿ ನಿನ್ನ ಹೆಸರನ್ನೂ ಸೇರಿಸ್ತಿದ್ದೆ. ಹತ್ತೊಂಬತ್ತು ವರ್ಷ. ಬಾಯಿಗೂ ಅಭ್ಯಾಸ ಆಗಿತ್ತೇನೋ."

ಮರ್ಟನ್ ಒಲೆಗೆ ಒಂದು ಸೌದೆ ಒಡ್ಡಿದ. "ಅಮ್ಮನ ದಿನ ನಾನು ಒಂದು ಬೋನೂ ಎತ್ತಲಿಲ್ಲ ಆರ್ವಿ. ಕೊಲ್ಲಿ ದಾಟಿ ಇಂಜಿನ್ ಆರಿಸಿ ಕೂತಿದ್ದೆ. ಚರ್ಚಿನ ಗಂಟೆ ಅಲ್ಲಿಗೂ ಕೇಳಿಸ್ತಿತ್ತು. ಅವಳ ಮೇಲೆ ಮಣ್ಣು ಹಾಕೋದು ನೋಡೋ ಧೈರ್ಯ ಇರ್ಲಿಲ್ಲ."

"ಇದನ್ನ ಒಂದು ಮಾತು ಹೇಳಬಾರದಿತ್ತೇನೋ?"

"ಸತ್ತವನು ಮಾತಾಡ್ತಾನೇನೇ?"

ಅವಳು ಅತ್ತುಬಿಟ್ಟಳು. "ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳೋ."

"ಈ ಹೊಟ್ಟೆಗೆ ನೀರೇ ಇಳೀತಿಲ್ಲ, ನಿನ್ನ ತಪ್ಪು ಬೇರೆ ಹಾಕ್ಕೋಬೇಕಾ!" ಎಂದು ನಗಲು ಹೋಗಿ ಕೆಮ್ಮಿದ.

ಅವಳು ಡಬ್ಬಿ ತೆರೆಯಹೋದಾಗ ಅವನು ಮುಚ್ಚಳದ ಮೇಲೆ ಕೈಯಿಟ್ಟ. "ಇವತ್ತು ಬೇಡ. ಬರೋ ಭಾನುವಾರ ನನ್ನನ್ನ ಬದುಕಿರೋರ ಜೊತೆ ಓದು. ಕೊನೇ ಬೆಂಚಿಗೂ ಕೇಳಬೇಕು. ಆಮೇಲೆ ಬಾ, ನಿನ್ನ ಕೈಯಿಂದಲೇ ತಿಂತೀನಿ. ಅಲ್ಲೀವರೆಗೆ ಈ ಕಡೆ ಬರಬೇಡ. ಮಾತು ಕೊಡು."

"ಕೊಟ್ಟೆ."

ಬೀಲ್ ಮನೆತನದ ಹಟ ಊರಿಗೇ ಗೊತ್ತು. ಸಾಯುವವನೂ ಬಿಡಲಿಲ್ಲ, ಇವಳೂ ಮೀರಲಿಲ್ಲ. ದಿನಾ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಅವನ ಹೊಗೆಗೂಡು ನೋಡುತ್ತಿದ್ದಳು. ಹೊಗೆ ಕಂಡರೆ, ಸದ್ಯ, ಅಣ್ಣ ಇದ್ದಾನೆ ಎಂದು ಉಸಿರು ಬಿಡುತ್ತಿದ್ದಳು. ಭಾನುವಾರ ಒಂದು ಬೇಗ ಬಂದರೆ ಸಾಕಾಗಿತ್ತು. ಶನಿವಾರ ಹೊಗೆ ಏಳಲಿಲ್ಲ.

ಮರುದಿನದ ಪಟ್ಟಿಯಲ್ಲಿ ಪೆನ್ಸಿಲಿನ ಗೀಟೂ ಇರಲಿಲ್ಲ. ತೀರಿಕೊಂಡವರಲ್ಲಿ ಮೊದಲನೆಯ ಹೆಸರು ಅವನದೇ, ಸ್ವಚ್ಛವಾಗಿ ಟೈಪಾಗಿತ್ತು.

"ಇವತ್ತು ನಾನು ಓದ್ಲಾ ಆರ್ವಿಲಾ?" ಎಂದರು ಪಾದ್ರಿಯಮ್ಮ.

"ಬೇಡ. ಮಾತು ಕೊಟ್ಟಿದ್ದೀನಿ."

ಕಾಯಿಲೆಯವರ ಹೆಸರು ಒಂದೊಂದಾಗಿ ಓದಿದಳು. ಕೊನೆಗೆ ತಲೆಯೆತ್ತಿ, ಹಾಳೆ ನೋಡದೆ, ಕೊನೆಯ ಬೆಂಚಿಗೂ ಕೇಳುವಂತೆ ಹೇಳಿದಳು: "ಮರ್ಟನ್ ಬೀಲ್. ನನ್ನಣ್ಣ."

ಯಾರೂ ಪಿಸುಗುಟ್ಟಲಿಲ್ಲ. "ಕರ್ತನೇ, ಕರುಣಿಸು" ಎಂದರು ಜನ.

ಎರಡನೆಯ ಪಟ್ಟಿಗೆ ಬಂದಾಗ ಅವಳ ಬಾಯಿ ಕಟ್ಟಿಹೋಯಿತು. ಆಗ ಡಾರ್ಕಸ್ ತನ್ನ ನೋವಿನ ಮಂಡಿಯನ್ನು ಒತ್ತಿಹಿಡಿದು ಬೆಂಚಿನಿಂದ ಎದ್ದು ನಿಂತು, ಆ ಹೆಸರನ್ನು ತಾನೇ ಹೇಳಿದಳು.

ಆರಾಧನೆ ಮುಗಿಯಿತು. ಅವಳು ಹೋಗಬೇಕಾಗಿದ್ದದ್ದು ಮೂರು ಮನೆಗೆ. ಪಾದ್ರಿಯಮ್ಮ ಡಬ್ಬಿಯಲ್ಲಿ ನಾಲ್ಕು ತುಂಡು ಇಟ್ಟಿದ್ದರು. ಮೂರು ಮನೆ ಮುಗಿಸಿ ಆರ್ವಿಲಾ ದೋಣಿಕಟ್ಟೆಯ ಕೊನೆಗೆ ನಡೆದಳು. ಒಳಗೆ ಯಾರೂ ಇಲ್ಲವೆಂದು ಗೊತ್ತಿದ್ದೂ ಬಾಗಿಲು ಬಡಿದಳು. ಸ್ವಲ್ಪ ಹೊತ್ತು ಕಾದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತು ಡಬ್ಬಿ ತೆರೆದು, ಅಣ್ಣನ ಪಾಲಿನದನ್ನು ತಾನೇ ಹೊಟ್ಟೆಗೆ ಹಾಕಿಕೊಂಡಳು.