ರಾಣಿ ಇರುವೆಗೆ ಕೊಟ್ಟ ಬೆರಳು

ಮಾಕವಳ್ಳಿಯ ಕಬ್ಬಿನ ಬದುವಿನಲ್ಲಿ ಸಿಕ್ಕ ರಾಣಿ ಇರುವೆ ಯಾವ ಜಾತಿಯದೆಂದು ತಿಳಿಯಲು ಅದರ ಸೊಂಟದ ಗಂಟು ಎಣಿಸಬೇಕಿತ್ತು: ಒಂದೇ ಇದ್ದರೆ ಗೊದ್ದ ಎಂಬ ದೊಡ್ಡ ಕಪ್ಪಿರುವೆ, ಎರಡಿದ್ದರೆ ಕುಟುಕುವ ಜಾತಿ. ಸೀಸೆಯೊಳಗೆ ಅದು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಹೊಲದೊಡೆಯ ಗೌಡರು ನನ್ನ ಕೈಯಿಂದ ಸೀಸೆ ಕಸಿದುಕೊಂಡು ಮುಚ್ಚಳ ತೆಗೆದರು.

"ಬೆರಳು ಕೊಡಿ ಸಾ. ಬರೀ ಕಚ್ಚುದ್ರೆ ಗೊದ್ದ. ಉರಿ ಮೊಣಕೈವರ್ಗೂ ಏರುದ್ರೆ ಬ್ಯಾರೆ."

"ನಿಮ್ಮ ಬೆರಳೇ ಆಗಬಹುದಲ್ಲ?"

"ನಮ್ಮವು ಮಚ್ಚು ಹಿಡ್ದು ಜಡ್ಡುಗಟ್ಟವೆ. ಏನೂ ಗೊತ್ತಾಗಕಿಲ್ಲ."

ನಾನೇ ಬೆರಳು ಒಡ್ಡಿದೆ. ರಾಣಿ ಕಚ್ಚಿ ಹಿಡಿಯಿತು. ಇಬ್ಬರೂ ಉಸಿರು ಬಿಗಿಹಿಡಿದು ನನ್ನ ಮೊಣಕೈಯನ್ನೇ ನೋಡುತ್ತಾ ನಿಂತೆವು. ಉರಿ ಏರಲಿಲ್ಲ.

"ಗೊದ್ದನೇ ಬುಡಿ," ಎಂದರು ಗೌಡರು.

ಕಚ್ಚಿಕೊಂಡಿದ್ದರಿಂದ ರಾಣಿ ಈಗ ಅಲುಗಾಡುತ್ತಿರಲಿಲ್ಲ. ಭೂತಗನ್ನಡಿ ಹಿಡಿದೆ. ಒಂದೇ ಗಂಟು, ಗೊದ್ದದ್ದೇ.

ನನ್ನ ದಾಖಲೆ ಪುಸ್ತಕದಲ್ಲಿ, ಗುರುತಿಸಿದ ವಿಧಾನ ಎಂಬ ಕಡೆ 'ಭೂತಗನ್ನಡಿಯಿಂದ' ಎಂದು ಬರೆದೆ. ಪೆನ್ನು ಹಿಡಿದ ಬೆರಳು ಮಾತ್ರ ಇನ್ನೂ ಚುರುಗುಟ್ಟುತ್ತಿತ್ತು.