ಕಣ್ಣಿಗೆ ಹೋದವಳ ವಸಡು

ಸಾದಲಿಯ ಚಿಕ್ಕವೆಂಕಟಮ್ಮ ಮೂವತ್ತು ವರ್ಷದಿಂದ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವಳು. ಕುದಿನೀರಲ್ಲಿ ತೇಲುವ ಗೂಡಿನಿಂದ ಎಳೆಯ ತುದಿ ಹುಡುಕಿ ಹಿಡಿಯುವುದು ಕೆಲಸ. ಕೂಲಿ ಹೆಚ್ಚಿಸಿ ಎಂದು ನಾವು ಧರಣಿ ಕೂತಾಗ, ಸಂಘದ ಮುಂದಾಳಾದ ನನ್ನ ಭಾಷಣ ಉದ್ದವಾಯಿತೆಂದು ಎಲ್ಲರೆದುರೇ ಗದರಿ ಕೂರಿಸಿದವಳು.

ಹೋದ ವರ್ಷ ಅವಳ ಕಣ್ಣಿಗೆ ಪೊರೆ ಬಂತು. ಎಳೆ ಕಾಣದೆ ಬೆರಳು ಬೇಯತೊಡಗಿದವು. ಆಪರೇಷನ್ ಮಾಡಿಸು, ಇಲ್ಲ ಕೆಲಸ ಬಿಡು ಅಂದ ಮಾಲೀಕ. ರಕ್ತದಲ್ಲಿ ಸಕ್ಕರೆ ಇಳಿಯದೆ ಕಣ್ಣು ಮುಟ್ಟುವುದಿಲ್ಲ ಅಂದರು ಡಾಕ್ಟರು. ಅವಳು ಅನ್ನ ಬಿಟ್ಟಳು, ಮಾತ್ರೆ ಒಂದು ದಿನವೂ ತಪ್ಪಿಸಲಿಲ್ಲ. ಸಕ್ಕರೆ ಜಗ್ಗಲಿಲ್ಲ. ಎರಡನೇ ಸಲವೂ ವಾಪಸ್ಸು ಕಳಿಸಿದರು, ಕೈಗೆ ಹಲ್ಲಿನ ಡಾಕ್ಟರ ಚೀಟಿ ಕೊಟ್ಟು.

“ಕಣ್ಣಿಗೆ ಬಂದ್ರೆ ಹಲ್ಲಿಗೆ ಕಳುಸ್ತಾರೆ, ನಾಳೆ ಮೊಣಕಾಲಿಗೆ ಕಳುಸ್ತಾರೇನೋ! ಬಾರಣ್ಣ, ಏನಿದು ಆಟ ಅಂತ ಕೇಳಣ” ಅಂದಳು. ಟೇಬಲ್ಲಿಂದ ಟೇಬಲ್ಲಿಗೆ ಓಡಿಸುವ ಕಚೇರಿಗಳನ್ನು ಕಂಡವನು ನಾನು. ಜಗಳಕ್ಕೆ ಸಿದ್ಧನಾಗಿಯೇ ಹೋದೆ.

ಹಲ್ಲಿನ ಡಾಕ್ಟರು ಶೈಲಜಾ ಬಾಯಿ ತೆರೆಸಿ, “ರಕ್ತ ಯಾವಾಗಿಂದ ಬರ್ತಿದೆ?” ಎಂದರು.

“ಅದಾ? ಹತ್ತು ವರ್ಷ ಆಯ್ತು. ಬಿಸಿನೀರಿನ ಹಬೆ ಕಣಮ್ಮ, ನಮ್ಮಲ್ಲಿ ಸುಮಾರು ಜನಕ್ಕೆ ಬರ್ತದೆ. ಉಷ್ಣ ಹೊರಗೆ ಹೋಗ್ಲಿ ಅಂತ ನಾನೇ ಬಿಟ್ಟಿದೀನಿ.”

“ಹಬೆ ಅಲ್ಲಮ್ಮ, ವಸಡು ಕೀವು ಹಿಡಿದಿದೆ. ಅದಿದ್ರೆ ಸಕ್ಕರೆ ಇಳಿಯೋದು ಕಷ್ಟ. ಸಕ್ಕರೆ ಜಾಸ್ತಿ ಇದ್ರೆ ವಸಡು ವಾಸಿ ಆಗೋದೂ ಕಷ್ಟ.”

“ಹಂಗಾದ್ರೆ ಯಾವ್ದು ಮೊದ್ಲು?”

“ಎರಡೂ ಒಟ್ಟಿಗೆ.”

ಅವಳು ನನ್ನ ಮುಖ ನೋಡಿದಳು. ನನಗೆ ಜಗಳಕ್ಕೆ ಹಿಡಿಯೇ ಸಿಗಲಿಲ್ಲ.

ಅಲುಗಾಡುತ್ತಿದ್ದ ಮೂರು ಹಲ್ಲು ಕಿತ್ತರು. ಉಳಿದವನ್ನು ವಸಡಿನೊಳಗಿಂದ ಕೆರೆದು ಸ್ವಚ್ಛ ಮಾಡಿದರು. ಆಸ್ಪತ್ರೆಯವರು ಸಕ್ಕರೆಯ ಮಾತ್ರೆಯನ್ನೂ ಬದಲಿಸಿದರು. ಮೂರು ತಿಂಗಳಿಗೆ ಸಕ್ಕರೆ ಇಳಿಯಿತು. ಕಣ್ಣಿನ ಡಾಕ್ಟರು ಸೋಮವಾರ ಆಪರೇಷನ್ನಿಗೆ ಬಾ ಅಂದರು.

“ಹಲ್ಲಿಂದ ಇಳೀತೋ, ಮಾತ್ರೆಯಿಂದ ಇಳೀತೋ?” ಎಂದು ಶೈಲಜಾರನ್ನೇ ಕೇಳಿದಳು.

“ವಸಡಿನ ಪಾಲೂ ಇರಬೋದು. ಎಷ್ಟು ಅಂತ ಹೇಳಕ್ಕಾಗಲ್ಲ.”

“ಓದಿರೋಳಿಗೇ ಗೊತ್ತಿಲ್ಲ!” ಎಂದು ಹೊರಗೆ ಬಂದು ನನ್ನ ಮೇಲೆ ರೇಗಿದಳು.

ಸೋಮವಾರ ಕಣ್ಣಿಗೆ ಹನಿ ಹಾಕಿಸಿಕೊಂಡು ಬೆಂಚಿನ ಮೇಲೆ ಕೂತಿದ್ದಳು. ಪಕ್ಕದಲ್ಲಿ ಲಕ್ಷ್ಮಿದೇವಮ್ಮ ಎಂಬಾಕೆ, ಸಕ್ಕರೆ ಜಾಸ್ತಿ ಎಂದು ಆಪರೇಷನ್ ಆಗದೆ ವಾಪಸ್ಸು ಹೊರಟವಳು, ಸೆರಗಲ್ಲಿ ಮೂಗೊರೆಸುತ್ತಿದ್ದಳು.

“ವಸಡಲ್ಲಿ ರಕ್ತ ಬರ್ತದಾ?” ಎಂದು ಚಿಕ್ಕವೆಂಕಟಮ್ಮ ಕೇಳಿದಳು.

“ಬರ್ತದೆ. ಕಣ್ಣಿಗೂ ಅದಕ್ಕೂ ಏನಕ್ಕಾ?”

“ಅದು ನಂಗೂ ನೆಟ್ಟಗೆ ಗೊತ್ತಿಲ್ಲ ಕಣೇ. ಅಳೋದು ಬಿಟ್ಟು ಮೊದ್ಲು ಹೋಗಿ ಹಲ್ಲಿನ ಡಾಕ್ಟರಿಗೆ ತೋರ್ಸು.”